ಮಾರಿದ ಕಾರಿನ ಜಾಡು ಹಿಡಿದು ಮುಂಡರಗಿಗೆ

ಗದಗ-ಬೆಟಗೇರಿಯ ಮನೆಯಿಂದ ಬೆಳಿಗ್ಗೆ ಏಳಕ್ಕೇ ಹೊರಟೆ. ಕಾರು ಇದ್ದಿದ್ದರೆ ಒಂಬತ್ತಕ್ಕೆ ಹೊರಟರೂ ನಡೆಯುತ್ತಿತ್ತು. ಈಗ ಆ ಕಾರು ನನ್ನದಲ್ಲ, ನನ್ನ ಷಡ್ಡಕ ಮಲ್ಲಣ್ಣನದು, ಅಂದರೆ ನನ್ನ ಹೆಂಡತಿ ಶಾಂತಾಳ ತಂಗಿಯ ಗಂಡನದು. ಮುಂಡರಗಿಯಲ್ಲಿ ಅವನಿಗೆ ಬೀಜ-ಗೊಬ್ಬರದ ಅಂಗಡಿ ಇದೆ, ಎರಡಂತಸ್ತಿನ ಮನೆ ಇದೆ, ಮೇಲೆ ಸಿಹಿ ಮಾತು ಬೇರೆ. ಅತ್ತೆ-ಮಾವ "ನಮ್ಮ ಸಣ್ಣ ಅಳಿಯಾ" ಎಂದು ಶುರು ಮಾಡಿದರೆ ಮುಗಿಸುವುದಿಲ್ಲ. ದೊಡ್ಡ ಅಳಿಯನಾದ ನನ್ನ ಮಾತು ಬಂದರೆ "ಅವರೂ ಅದಾರ" ಎಂದು ಬಿಡುತ್ತಾರೆ. ಇದು ಹೊಟ್ಟೆಕಿಚ್ಚು ಎಂದು ನಿಮಗನಿಸಿದರೆ, ಖರೆ, ಅದೇ. ಮುಚ್ಚಿಡುವುದೇನಿದೆ.

ಹನ್ನೊಂದು ವರ್ಷ ಓಡಿಸಿದ ಬಿಳಿ ಕಾರು ಅದು. ಮೊಣಕಾಲು ಕ್ಲಚ್ ಒತ್ತಲು ಒಪ್ಪದಾದಾಗ, ಎರಡು ತಿಂಗಳ ಹಿಂದೆ, ಅವನಿಗೆ ಮಾರಿದೆ. "ಗಾಡ್ಯಾಗ ಒಂದು ದೋಷ ಇಲ್ಲ, ಇದು ನನ್ನ ಮಾತು" ಎಂದು ಮಾವನ ಎದುರಿಗೆ ಹೇಳಿಯೇ ಕೊಟ್ಟಿದ್ದೆ. ಹೋದ ವಾರ ಅದು ಮೂರು ಸಲ ನಿಂತಿತು. ಲಕ್ಷ್ಮೇಶ್ವರದಲ್ಲಿ ಒಮ್ಮೆ, ಶಿರಹಟ್ಟಿಯಲ್ಲಿ ಒಮ್ಮೆ, ಕೊನೆಗೆ ಮಲ್ಲಣ್ಣನ ಅಂಗಡಿಯ ಬಾಗಿಲಲ್ಲೇ. ಮಾವ ಫೋನ್ ಮಾಡಿ "ಹೋಗಿ ನೋಡ್ರಿ, ಇಲ್ಲಾಂದ್ರ ಗಾಡಿ ವಾಪಸ್ ತಗೋರಿ" ಎಂದರು. ಶಾಂತಾ ಜಗಳಾಡಲಿಲ್ಲ. "ಒಂದು ಗಾಡಿ ಸಲುವಾಗಿ ನನ್ನ ತಂಗಿ ಮನಿ ಬಾಗಲಾ ಮುಚ್ಚಬ್ಯಾಡ್ರಿ" ಎಂದಳು ಅಷ್ಟೇ. ಇಬ್ಬರೇ ಅಕ್ಕ-ತಂಗಿ ಅವರು, ಬೇರೆ ಒಡಹುಟ್ಟಿದವರಿಲ್ಲ.

ತಂಗಿಗೆಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಹೋಳಿಗೆ ಕೊಟ್ಟಳು. ಡಬ್ಬಿಯನ್ನು ಬಾಗಿಲ ಹಿಂದಿನ ಮೊಳೆಯಲ್ಲಿದ್ದ ಹಗ್ಗದಿಂದ ಬಿಗಿದಿದ್ದಳು.

"ಆ ಹಗ್ಗಾ ಯಾಕ ತಗದಿ?"

"ಮುಚ್ಚಳ ಸಡಲ ಐತಿ. ನಿಮ್ಮ ಹಗ್ಗಾ ಏನ್ ಸವದು ಹೋಗತೈತೇನು?"

ಅದು ನಮ್ಮೂರು ಯಳವತ್ತಿಯಲ್ಲಿ ನಮ್ಮಪ್ಪ ಎತ್ತು ಕಟ್ಟುತ್ತಿದ್ದ ಹಗ್ಗ. ನಮ್ಮ ಕಡೆ ಎತ್ತು ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಹಿಡಿದುಕೊಂಡು ಹೋಗಬೇಕು. ಹಗ್ಗ ಕೊಟ್ಟರೆ ಎತ್ತಿನ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಎನ್ನುತ್ತಿದ್ದ ಅಪ್ಪ. ಅಪ್ಪನ ಆ ಹಗ್ಗ ಕಾರಿನಲ್ಲಿತ್ತು. ಕಾರು ಮಾರಿದ ದಿನ ಬಿಚ್ಚಿಕೊಂಡು ಮೊಳೆಗೆ ಹಾಕಿದ್ದೆ.

ಮುಂಡರಗಿಗೆ ಗದಗಿನಿಂದ ನೇರ ಬಸ್ಸು ಬೇಕಾದಷ್ಟಿವೆ. ನಾನು ಬೇಕೆಂದೇ ಸುತ್ತು ದಾರಿ ಹಿಡಿದೆ. ಕಾರು ನೋಡಿದ ಗ್ಯಾರೇಜಿನ ಮಿಸ್ತ್ರಿಗಳನ್ನು ಕಂಡು, ತಪ್ಪು ಮಲ್ಲಣ್ಣನ ಓಡಿಸುವ ರೀತಿಯದು ಎಂದು ಸಾಕ್ಷಿ ಕೂಡಿಸಿಕೊಂಡು ಹೋಗಿ, ಅದನ್ನು ಅವನ ಮುಂದೆ ಒಗೆಯಬೇಕಿತ್ತು. ಲಕ್ಷ್ಮೇಶ್ವರದ ಬಸ್ಸಿನಲ್ಲಿ ತುಂಬ ಹೆಣ್ಣುಮಕ್ಕಳೇ. ಅವರಿಗೆ ಪುಕ್ಕಟೆ ಟಿಕೆಟ್ಟು, ಸೀಟೂ ಅವರಿಗೇ. ನಾನು ದುಡ್ಡು ಕೊಟ್ಟು, ಡಬ್ಬಿ ಎದೆಗವಚಿಕೊಂಡು ಅರ್ಧ ದಾರಿ ನಿಂತೇ ಹೋದೆ. ಅವರ ಮೇಲೂ ಹೊಟ್ಟೆ ಉರಿಯಿತು. ಹೊರಗೆ ಕಡಲೆ ಹೊಲಗಳು ಹಸಿರಾಗಿದ್ದವು. ಕಿಟಕಿಯಿಂದ ಚಳಿಗಾಳಿ ಕೊಯ್ಯುತ್ತಿತ್ತು.

ಲಕ್ಷ್ಮೇಶ್ವರದ ಮಿಸ್ತ್ರಿ ಖಾದರಸಾಬ ಒಂದು ಟೆಂಪೋದ ಕೆಳಗೆ ಮಲಗಿದ್ದ. ಬಿಳಿ ಕಾರು ಎಂದ ಕೂಡಲೇ ಎದ್ದು ಬಂದ.

"ಮುಂಡರಗಿ ಸಾವಕಾರ್ರದೇನ್ರಿ? ಭಾಳ ಚಲೋ ಮನಿಷ್ಯಾ. ಸಿಟ್ಟಿಲ್ಲ ಸೆಡವಿಲ್ಲ, ಇಲ್ಲೇ ಈ ಟೈರ್ ಮ್ಯಾಲೆ ಕುಂತು ನಮ್ಮ ಕೂಡ ಚಾ ಕುಡದ್ರು."

"ಗಾಡಿ ಜೋರ್ ಓಡಸ್ತಾರೇನು?"

"ಇಲ್ರಿ. ಕೂಸಿನ್ನ ಎತ್ತಿಕೊಂಡಂಗ ಓಡಸ್ತಾರ."

ಮೊದಲನೇ ಸಾಕ್ಷಿ ಅಲ್ಲಿಗೆ ಮುಗಿಯಿತು. ದೋಷ ಏನಿತ್ತು ಎಂದು ಕೇಳಿದೆ.

"ಬ್ಯಾಟರಿ ಕುಣೀತಿತ್ರಿ. ಅದನ್ನ ಹಿಡಿಯೋ ಪಟ್ಟೀನ ಇಲ್ಲ. ಗಾಡಿ ತಗ್ಗಿಗೆ ಇಳಿದ್ರ ವಾಯರ್ ಸಡಲಾಗತೈತಿ, ಗಾಡಿ ಬಂದ್. ಪಟ್ಟಿ ನನ್ನ ಹತ್ರ ಇರಲಿಲ್ಲ, ರಬ್ಬರ್ ತುಂಡು ತುರುಕಿ ಕಳಿಸೀನಿ. ಮೊದಲಿನ ಮಾಲಕ ಅದಕ್ಕ ಹಗ್ಗಾ ಕಟ್ಟಿದ್ದ ಕಾಣತೈತ್ರಿ, ಗುರ್ತು ಐತಿ. ಪುಣ್ಯಾತ್ಮ ಯಾಕ ಬಿಚ್ಚಿದ್ನೋ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದೆ. ಮೂರು ವರ್ಷದ ಹಿಂದೆ ತುಕ್ಕು ತಿಂದು ಪಟ್ಟಿ ಮುರಿದಾಗ, ಆಮೇಲೆ ಹೊಸದು ಹಾಕಿಸಿದರಾಯಿತು ಎಂದು ಅಪ್ಪನ ಹಗ್ಗ ಬಿಗಿದವನು ನಾನೇ. ಆಮೇಲೆ ಎಂಬುದು ಬರಲೇ ಇಲ್ಲ. ಮಾರುವ ದಿನ ಬಾನೆಟ್ ತೆಗೆದಾಗ ಕಣ್ಣಿಗೆ ಬಿದ್ದದ್ದು ಎತ್ತಿನ ಹಗ್ಗ ಮಾತ್ರ. ಅದು ಬ್ಯಾಟರಿ ಹಿಡಿದುಕೊಂಡಿದೆ ಎಂಬುದು ತಲೆಗೇ ಬರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಗಿರ್ಮಿಟ್, ಎರಡು ಮಿರ್ಚಿ ತಿಂದೆ. ರುಚಿ ಹತ್ತಲಿಲ್ಲ. ಗದಗಿನ ಬಸ್ಸು ಎದುರಿಗೇ ನಿಂತಿತ್ತು. ಹತ್ತಿ ಮನೆಗೆ ಹೋಗಿ "ಮಿಸ್ತ್ರಿಗೂ ತಿಳೀವಲ್ದು" ಎಂದರೆ ಯಾರಿಗೆ ಗೊತ್ತಾಗುತ್ತದೆ? ಅಷ್ಟರಲ್ಲಿ ಶಿರಹಟ್ಟಿಯ ಬಸ್ಸು ಬಂತು. ಅಲ್ಲಾದರೂ ಮಲ್ಲಣ್ಣನ ಮೇಲೆ ಒಂದು ತಪ್ಪು ಸಿಕ್ಕೀತು ಎಂಬ ಆಸೆಯಿಂದ ಹತ್ತಿದೆ.

ಶಿರಹಟ್ಟಿಯ ಮಿಸ್ತ್ರಿ ಮುದುಕ, ಕೈಕೆಲಸ ಬಿಡದೆ ಮಾತಾಡುವವನು. ರಬ್ಬರ್ ಹಾರಿಹೋಗಿತ್ತು, ಕಟ್ಟಿಗೆಯ ಬೆಣೆ ಬಡಿದೆ ಎಂದ. "ಗಾಡಿ ಮಾರಿದವರಿಗೆ ಬೈದಿರಬೇಕಲ್ಲ?" ಎಂದು ಕೆದಕಿದೆ.

"ಒಂದು ಮಾತು ಅನ್ನಲಿಲ್ರಿ. ನಾನ ಬೈದ್ರ, ಹಂಗನಬ್ಯಾಡ್ರಿ, ನಮ್ಮ ಅಣ್ಣಾರ ಗಾಡಿ, ಅವರ ಕೈಯಾಗ ಒಮ್ಮಿನೂ ನಿಂತಿಲ್ಲ ಅಂದ್ರು."

ಅವನು ಬೈದಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು. ಮನೆ, ಅಂಗಡಿ, ಅತ್ತೆಯ ಪ್ರೀತಿ, ಈಗ ನನ್ನ ಕಾರು. ಸಾಲದ್ದಕ್ಕೆ ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಬೇಕೇ ಇವನು? ಮುಂಡರಗಿಯ ಬಸ್ಸಿನಲ್ಲಿ ಕಪ್ಪತಗುಡ್ಡ ಎಡಕ್ಕೆ ಉದ್ದಕ್ಕೂ ಕಾಣುತ್ತಿತ್ತು. ಬೇರೆ ದಿನವಾದರೆ ಕಣ್ತುಂಬ ನೋಡುತ್ತಿದ್ದೆ. ಅವತ್ತು ತೊಡೆಯ ಮೇಲಿನ ಹಗ್ಗವನ್ನೇ ನೋಡುತ್ತ ಕುಳಿತೆ.

ಮುಂಡರಗಿ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಕಾರು ಅಂಗಡಿಯ ಎದುರು ಬೇವಿನ ನೆರಳಲ್ಲಿ ನಿಂತಿತ್ತು. ಕೆಟ್ಟು ನಿಂತ ಗಾಡಿಯನ್ನೂ ತೊಳೆದಿದ್ದ. ಸೀಟಿಗೆ ಹೊಸ ಕವರು ಹಾಕಿಸಿದ್ದ. ಹನ್ನೊಂದು ವರ್ಷದಲ್ಲಿ ನನ್ನ ಕೈಯಲ್ಲಿ ಅದು ಒಂದು ದಿನವೂ ಹಾಗೆ ಹೊಳೆದಿರಲಿಲ್ಲ.

"ಬರ್ರಿ ಅಣ್ಣಾರ, ಕುಂಡ್ರಿ. ಬಿಸಲಾಗ ಬಂದೀರಿ" ಎಂದ ಮಲ್ಲಣ್ಣ. ನೀರು ಕುಡಿದ ಮೇಲೆ ದನಿ ತಗ್ಗಿಸಿ ಹೇಳಿದ: "ವಾಪಸ್ ತಗೋರಿ ಅಂತ ನಾ ಅಂದಿಲ್ರಿ, ಮಾವಾರು ಅಂದದ್ದು. ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನನಗ ನಿಮ್ಮ ಮ್ಯಾಲೆ ಹೊಟ್ಟಿಕಿಚ್ಚು ಆಗೇತಿ. ಅತ್ತಿಯಾರು ದಿನಾ ಅಂತಾರ, ದೊಡ್ಡ ಅಳಿಯಾನ ಕೈಗುಣಾನ ಬ್ಯಾರೆ, ಗಾಡಿ ನಿನ್ನ ಮಾತು ಕೇಳವಲ್ದು ಅಂತ. ಏನ್ ಮಾಡತಿದ್ರಿ ನೀವು ಅದಕ್ಕ?"

ಅತ್ತೆ ನನ್ನ ಬಗ್ಗೆ ಹಾಗೆ ಅಂದದ್ದನ್ನು ಕೇಳಿದ್ದು ಅದೇ ಮೊದಲು. ಬೇಸಿಗೆಯಲ್ಲಿ ಮಜ್ಜಿಗೆ ಕುಡಿದಂತೆ ಹೊಟ್ಟೆ ತಣ್ಣಗಾಯಿತು. ಹಗ್ಗ ಬಿಗಿದು, ಬಾಯಿ ಮುಚ್ಚಿಕೊಂಡು, "ನೋಡು, ಹೆಂಗ ಆತು" ಎಂದು ನಕ್ಕರೆ ಸಾಕಿತ್ತು. ಆ ಕೈಗುಣ ನಾನು ಸಾಯುವತನಕ ನನ್ನದಾಗಿರುತ್ತಿತ್ತು.

ಅಷ್ಟರಲ್ಲಿ ನಾದಿನಿ ಒಳಗಿನಿಂದ ಬಂದಳು. ಡಬ್ಬಿ ನೋಡಿ, "ಅಕ್ಕ ಮಾಡ್ಯಾಳೇನ್ರಿ?" ಎಂದು ಅಲ್ಲೇ ಹಗ್ಗ ಬಿಚ್ಚಿ, ಹಗ್ಗ ನನ್ನ ಕೈಗಿಟ್ಟು, ಮುಚ್ಚಳ ತೆಗೆದು ಕಣ್ಣು ಮುಚ್ಚಿ ವಾಸನೆ ನೋಡಿದಳು. ಥೇಟ್ ಶಾಂತಾಳಂತೆ.

"ಮಲ್ಲಣ್ಣ," ಎಂದೆ, "ಕೈಗುಣಾ ಅಲ್ಲೋ. ಈ ಹಗ್ಗಾ ಬ್ಯಾಟರಿ ಹಿಡಕೊಂಡಿತ್ತು. ಎತ್ತು ಮಾರಿದ್ರ ಹಗ್ಗಾ ಕೊಡಬಾರದು ಅಂತ ಮಾರೂ ದಿನಾ ನಾನ ಬಿಚ್ಚಿಕೊಂಡೆ."

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ಹಂಗಾರ ಅದನ್ನ ಕೊಡಬ್ಯಾಡ್ರಿ ಅಣ್ಣಾರ. ನಿಮ್ಮ ಮನಿ ಲಕ್ಷ್ಮೀ ನನಗ್ಯಾಕ? ಅಂಗಡ್ಯಾಗ ಬ್ಯಾರೆ ಹಗ್ಗಾ ಐತಿ."

ನೋಡಿ, ಮತ್ತೆ ಮುಂದೆ ಹೋದ. "ಸುಮ್ನಿರು. ಆ ಕಡೆ ತುದಿ ಹಿಡಿ" ಎಂದು ಗದರಿಸಿದೆ. ಬಾನೆಟ್ ಎತ್ತಿ ಬ್ಯಾಟರಿಗೆ ಹಗ್ಗ ಸುತ್ತಿ ಇಬ್ಬರೂ ಕೂಡಿ ಎಳೆದೆವು, ಅಪ್ಪ ಕಲಿಸಿದ ಗಂಟು ನಾನು ಹಾಕಿದೆ. ಊರ ಹೊರಗಿನ ಕೆಟ್ಟ ರಸ್ತೆಯಲ್ಲಿ ಹೋಗಿ ಬಂದೆವು. ಕಾರು ನಿಲ್ಲಲಿಲ್ಲ.

ಗದಗಿನತನಕ ಬಿಟ್ಟು ಬರುತ್ತೇನೆ ಎಂದ. ಒಲ್ಲೆ ಎಂದೆ. ಅವನ ಪಕ್ಕದ ಸೀಟಿನಲ್ಲಿ ಕುಳಿತು ಅಷ್ಟು ದೂರ ಬರುವ ಶಕ್ತಿ ನನಗಿರಲಿಲ್ಲ. ನಾದಿನಿ ಡಬ್ಬಿ ಬರಿದೇ ಕಳಿಸಬಾರದೆಂದು ಚಕ್ಕುಲಿ ತುಂಬಿದ್ದಳು. ನೇರ ಬಸ್ಸಿನಲ್ಲಿ ಗದಗಿನತನಕ ಸಡಿಲ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕುಳಿತೆ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಶಾಂತಾ ಡಬ್ಬಿ ಇಸಿದುಕೊಂಡಳು.

"ಹಗ್ಗಾ ಎಲ್ಲೈತ್ರಿ?"

"ಕಾರಿನ್ಯಾಗ."

ಬಾಗಿಲ ಹಿಂದಿನ ಖಾಲಿ ಮೊಳೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಒಂದು ಚಕ್ಕುಲಿ ಮುರಿದು ಅರ್ಧ ನನ್ನ ಕೈಗಿಟ್ಟಳು.

"ಹಂಗಾರ ಇವತ್ತ ಮಾರಿದ್ರಿ ಅನ್ರಿ" ಎಂದಳು.