ಲೊರೀನ್ ಅತ್ತಿಗೆ ಮನೆ ತೂಗಿಸಿದ್ದು

ನೆಬ್ರಾಸ್ಕಾದ ನಮ್ಮೂರಲ್ಲಿ ಮೂವತ್ತೊಂದು ವರ್ಷ ಶಾಲಾ ಬಸ್ ಓಡಿಸಿ ನಿವೃತ್ತರಾದ ಲೊರೀನ್ ಅತ್ತಿಗೆಗೆ ಒಂದೇ ಹಟ. ತಮ್ಮ ಮಧ್ಯಮ ಗಾತ್ರದ ಎಸ್‌ಯುವಿಗೆ ಟ್ರೇಲರ್ ಮನೆಯೊಂದನ್ನು ಕಟ್ಟಿಕೊಂಡು, ಬೆಟ್ಟ ದಾಟಿ, ಆಚೆ ವಯೋಮಿಂಗ್‌ನಲ್ಲಿರುವ ಅಕ್ಕ ಆರ್ಡಿತ್ ಮನೆ ಬಾಗಿಲಲ್ಲಿ ನಿಲ್ಲಬೇಕು. ಆ ಕಾರಿನಿಂದ ಆಗದು, ದೊಡ್ಡ ಪಿಕಪ್ ಕೊಂಡ ಮೇಲೆ ಬಾ ಎಂದು ಆರ್ಡಿತ್ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು.

ಟ್ರೇಲರ್ ಆರಿಸಲು ತಜ್ಞನಾಗಿ ನಾನು ಜೊತೆಗೆ ಹೋದೆ. ನನ್ನ ತಜ್ಞತೆ ಇಷ್ಟೆ: ಅಂಥದೇ ಕಾರಿಗೆ ಅರಮನೆಯಂಥದ್ದನ್ನು ಕಟ್ಟಿ, ಮೊದಲ ಏರಿನಲ್ಲೇ ಗೇರ್‌ಬಾಕ್ಸ್ ಸುಟ್ಟುಕೊಂಡವನು. ಬುದ್ಧಿ ಬಂದಿತ್ತೇ? ಅಂಗಡಿಯಲ್ಲಿ ಕಣ್ಣು ಮತ್ತೆ ಅರಮನೆ ಮೇಲೇ ಬಿತ್ತು.

"ಅತ್ತಿಗೆ, ಸೋಫಾ ನೋಡಿ."

"ನಿಮ್ಮ ಕಾರು ಐದು ಸಾವಿರ ಪೌಂಡ್ ಎಳೆಯುತ್ತೆ ಮೇಡಂ. ಇದು ಬರೀ ನಾಲ್ಕು ಸಾವಿರದ ಮುನ್ನೂರು," ಎಂದ ಅಂಗಡಿಯ ಟ್ರೆಂಟ್.

"ಖಾಲಿ ಇದ್ದಾಗ ತಾನೆ? ನಾನೇನು ಒಳಗೆ ಉಪವಾಸ ಕೂರ್ಲಾ?"

ಮರುದಿನ ಟ್ರೆಂಟ್ ಅದನ್ನು ಜೋಳದ ಗೋದಾಮಿನ ವೇಬ್ರಿಡ್ಜಿಗೆ ಎಳೆದು ತರಬೇಕಾಯಿತು. ಅತ್ತಿಗೆ ನೀರಿನ ಟ್ಯಾಂಕ್ ತುಂಬಿಸಿ, ಗ್ಯಾಸ್ ಸಿಲಿಂಡರು, ಹಾಸಿಗೆ, ಕಬ್ಬಿಣದ ಬಾಣಲೆಗಳು, ಗಂಡ ವಿಕ್ ಅಣ್ಣನ ಸ್ಪ್ಯಾನರ್ ಪೆಟ್ಟಿಗೆ, ಎಲ್ಲವನ್ನೂ ಒಳಗೆ ಹಾಕಿಸಿದರು. ತೂಕ ಐದು ಸಾವಿರದ ಇನ್ನೂರು ದಾಟಿತು.

"ಇಷ್ಟೆಲ್ಲ ಯಾರು ತುಂಬ್ತಾರೆ ಮೇಡಂ?"

"ನಾನು ತುಂಬ್ತೀನಲ್ಲಪ್ಪ. ಹೋಗು, ಮೂಲೇಲಿ ನಿಂತಿತ್ತಲ್ಲ, ಆ ಚಿಕ್ಕದನ್ನ ತಗೊಂಡು ಬಾ."

ಚಿಕ್ಕದರಲ್ಲಿ ಮೇಜು ಮಡಿಸಿದರಷ್ಟೇ ಮಂಚ. ಅಷ್ಟೇ ಸಾಮಾನು ಹೇರಿದರೂ ಮೂರು ಸಾವಿರದ ಏಳುನೂರಕ್ಕೆ ನಿಂತಿತು.

"ಇದು ಮನೆಯಲ್ಲ ಅತ್ತಿಗೆ, ಪೆಟ್ಟಿಗೆ."

"ಪೆಟ್ಟಿಗೆ ಬೆಟ್ಟ ಹತ್ತುತ್ತೆ ಡೆಲ್. ನಿನ್ನ ಅರಮನೆ ಎಲ್ಲೀವರೆಗೆ ಹೋಯ್ತು?"

ಆ ಪೆಟ್ಟಿಗೆಯನ್ನೇ ಕೊಂಡು ಜೂನ್‌ನಲ್ಲಿ ಹೊರಟೆವು. ಏರು ಶುರುವಾದಾಗ ನಾನು ಹಿಂದಿನ ಸೀಟಿನಲ್ಲಿ ಹೊಟ್ಟೆ ಒಳಗೆಳೆದುಕೊಂಡು ಕೂತೆ, ಒಂದು ಪೌಂಡಾದರೂ ಉಳಿಯಲೆಂದು. ವಿಕ್ ಅಣ್ಣ ಗೊರಕೆ ಹೊಡೆಯುತ್ತಿದ್ದ. ಅತ್ತಿಗೆ ಗೇರ್ ಇಳಿಸಿ, ಅವಸರಪಡದೆ, ತಿರುವಿನ ಮೇಲೆ ತಿರುವು ಹತ್ತಿಸಿದರು. ಎಂಜಿನ್ ಬಿಸಿ ತೋರಿಸುವ ಮುಳ್ಳು ಅರ್ಧಕ್ಕಿಂತ ಕೂದಲೆಳೆಯಷ್ಟೂ ಮೇಲೇಳಲಿಲ್ಲ. ನೆತ್ತಿಯಲ್ಲಿ ಹಿಮದ ತೇಪೆಗಳು ಕಂಡಾಗ ನಾನು ಚಪ್ಪಾಳೆ ತಟ್ಟಿದೆ.

"ಸುಮ್ನಿರು, ಇಳಿಜಾರು ಬಾಕಿ ಇದೆ."

ಅದನ್ನೂ ಇಳಿಸಿದರು. ಆರ್ಡಿತ್ ಮನೆ ಮುಂದೆ, ಟಪಾಲು ಡಬ್ಬಿಗೂ ಸೇಬಿನ ಮರಕ್ಕೂ ನಡುವೆ, ಒಂದೇ ಸಲಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿದರು. ಹುಲ್ಲು ಕತ್ತರಿಸುತ್ತಿದ್ದ ನೆರೆಯವರು ಯಂತ್ರ ಆರಿಸಿ ನೋಡುತ್ತ ನಿಂತರು.

"ಇದೇ ಕಾರಲ್ಲೇ ಹತ್ತಿದ್ಯಾ?" ಎಂದರು ಆರ್ಡಿತ್.

"ಇಲ್ಲಕ್ಕ, ಡೆಲ್ ಹೊತ್ಕೊಂಡು ಬಂದ."

ಸೋಲೊಪ್ಪುವುದು ಆರ್ಡಿತ್‌ಗೆ ಅಭ್ಯಾಸವಿಲ್ಲ. ಟ್ರೇಲರ್‌ಗೆ ಒಂದು ಪ್ರದಕ್ಷಿಣೆ ಹಾಕಿ, ಬೇಲಿಯಾಚೆಗೂ ಕೇಳುವಂತೆ ಹೇಳಿದರು: "ನನ್ನ ತಂಗಿ. ನೆಬ್ರಾಸ್ಕಾದಿಂದ ತಾನೇ ಓಡಿಸ್ಕೊಂಡು ಬಂದ್ಲು."