ಬಾಟಲಿ ಮುಗಿಯುವ ದಿನಗಳು

ಬಾಯಲ್ಲಿ ಸಕ್ಕರೆ ಇತ್ತು. ಮೊದಲು ಗೊತ್ತಾದದ್ದು ಅದು. ಆಮೇಲೆ ಬೆವರು, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆಮೇಲೆ ವಯಸ್ಸಾದ ಒಬ್ಬ ಹೆಂಗಸಿನ ಮುಖ, ಅದರ ಹಿಂದೆ ಬಂಡೆಗಳ ಗುಡ್ಡ.

“ಕಣ್ ತೆಗದ ನೋಡು,” ಎಂದು ಆಕೆ ಯಾರಿಗೋ ಹೇಳಿದರು.

ನಾನು ಕುರುಗೋಡಿನ ಬಸ್ ನಿಲ್ದಾಣದ ಎದುರು, ಚಹಾ ಅಂಗಡಿಯ ಬೆಂಚಿನ ಮೇಲಿದ್ದೆ.

ಕುರುಗೋಡು ನನ್ನ ದಾರಿಯಲ್ಲೇ ಇಲ್ಲ.

ನನ್ನ ಮನೆ ಬಳ್ಳಾರಿಯಲ್ಲಿ. ಸಿರುಗುಪ್ಪದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ದಿನವೂ ತೆಕ್ಕಲಕೋಟೆ ಮೇಲೆ ಹೋಗುವ ಬಸ್ಸಿನಲ್ಲಿ ಓಡಾಟ. ಆ ದಿನ ಬೆಳಿಗ್ಗೆ ಸಹಿ ಮಾಡಿದ್ದು ನೆನಪಿದೆ. ಎರಡನೆಯ ಪೀರಿಯಡ್ ನೆನಪಿದೆ. ಅಲ್ಲಿಂದ ಮುಂದೆ ಏನೂ ಇಲ್ಲ. ಜೇಬಿನಲ್ಲಿ ಕುರುಗೋಡಿನ ಟಿಕೆಟ್ ಇತ್ತು. ಕಂಡಕ್ಟರಿಗೆ ಊರಿನ ಹೆಸರು ಹೇಳಿ ಅದನ್ನು ತೆಗೆದುಕೊಂಡವನು ನಾನೇ ಇರಬೇಕು.

“ಶುಗರ್ ಐತೇನಪ್ಪಾ? ನಮ್ಮ ಮನ್ಯಾಗೂ ಐತಿ, ಅದಕ್ಕ ಗುರ್ತು ಹಿಡದೆ,” ಎಂದರು ಚಹಾದಾಕೆ. “ಹ್ವಾದ್ ಸಲ ಇಷ್ಟ್ ಆಗಿದ್ದಿಲ್ಲ ನಿಂಗ.”

“ಹೋದ ಸಲ?”

“ಎರಡು ವಾರ ಆಗಿರಬೇಕು. ಇದೇ ಬೆಂಚಿನ ಮ್ಯಾಲ ಕುಂತಿದ್ದಿ. ಚಾದಾಗ ಸಕ್ರಿ ಜಾಸ್ತಿ ಹಾಕಬೇ ಅಂದಿ. ಎರಡು ಕಪ್ಪು ಕುಡದಿ. ಚೆಂದಾಗಿ ಮಾತಾಡಿದಿ.”

ಆ ಬೆಂಚನ್ನು ನಾನು ನೋಡುತ್ತಿದ್ದದ್ದು ಅದೇ ಮೊದಲು.

“ಏನು ಮಾತಾಡಿದೆ?”

“ನಿಮ್ಮಪ್ಪನ ಬಗ್ಗೆ.”

ನಮ್ಮಪ್ಪ ತೀರಿಕೊಳ್ಳುವ ಹೊತ್ತಿಗೆ ನಮ್ಮ ಯಾರ ಹೆಸರೂ ಅವರಿಗೆ ನೆನಪಿರಲಿಲ್ಲ. ಅವರ ಮರೆವು ಶುರುವಾದದ್ದೂ ಹೀಗೆಯೇ, ಬೇರೆ ಊರಿನ ಬಸ್ ಹತ್ತುವುದರಿಂದ.

ಕುರುಗೋಡಿನ ಆ ದಿನಕ್ಕೂ ಕೆಲವು ತಿಂಗಳು ಮೊದಲು ಮಾತ್ರೆಗಳು ಸಾಲದಾಗಿ ನನಗೆ ಇನ್ಸುಲಿನ್ ಶುರುವಾಗಿತ್ತು. ಬೆಳಿಗ್ಗೆ ಹದಿನೆಂಟು ಯೂನಿಟ್, ಸಂಜೆ ಒಂಬತ್ತು. ಬಳ್ಳಾರಿಯ ಒಂದು ನರ್ಸಿಂಗ್ ಹೋಮಿನಲ್ಲಿ ಸಣ್ಣ ವಯಸ್ಸಿನ ಸಿಸ್ಟರ್ ಒಬ್ಬರು ಚುಚ್ಚಿಕೊಳ್ಳುವುದನ್ನು ಕಲಿಸಿದ್ದರು. ಅವರ ಒಂದು ಮಾತು ನನಗೆ ಚೆನ್ನಾಗಿ ನೆನಪಿತ್ತು: “ಬಾಟ್ಲಿ ಅಲ್ಲಾಡಿಸಬ್ಯಾಡ್ರಿ ಸಾರ್, ಗುಳ್ಳಿ ಏಳ್ತಾವು. ಡೋಸ್ ತಪ್ಪತೈತಿ.” ನಾನು ಆ ಬಾಟಲಿಯನ್ನು ಮೊಟ್ಟೆ ಹಿಡಿದಂತೆ ಹಿಡಿಯುತ್ತಿದ್ದೆ. ಫ್ರಿಜ್ಜಿನಿಂದ ಮೆಲ್ಲಗೆ ತೆಗೆಯುವುದು, ಮೆಲ್ಲಗೆ ತಲೆಕೆಳಗು ಮಾಡಿ ಸಿರಿಂಜಿಗೆ ಎಳೆದುಕೊಳ್ಳುವುದು, ಮೆಲ್ಲಗೆ ಅಲ್ಲೇ ಇಡುವುದು.

ಕುರುಗೋಡಿನ ಸಂಗತಿ ಕೇಳಿ ಡಾಕ್ಟರು ನನ್ನ ರಿಪೋರ್ಟುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರು. ಒಂದು ವಾರ ಶುಗರ್ ಮುನ್ನೂರರ ಮೇಲೆ, ಇನ್ನೊಂದು ವಾರ ಐವತ್ತಕ್ಕೂ ಕೆಳಗೆ.

“ಒಂದೇ ಡೋಸಿಗೆ ಹೀಗಾಗಬಾರದು,” ಎಂದರು. “ಒಮ್ಮೆ ತಗೊಂಡದ್ದು ಮರೆತು ಮತ್ತೊಮ್ಮೆ ತಗೊಳ್ತಿದ್ದೀರೇನು?”

ಇಲ್ಲ ಎನ್ನಲು ಬಾಯಿ ತೆರೆದೆ. ಮರೆತವನಿಗೆ ಮರೆತದ್ದು ಗೊತ್ತಿರುವುದಾದರೂ ಹೇಗೆ?

ನೋಟ್‌ಬುಕ್ ಇಟ್ಟೆ. ಪ್ರತಿ ಸಲ ಚುಚ್ಚಿಕೊಂಡ ಕೂಡಲೇ ಒಂದು ಗುರುತು. ಕೆಲವು ದಿನಗಳಲ್ಲಿ ಗುರುತಿನ ಮೇಲೂ ಅನುಮಾನ ಬಂತು. ಚುಚ್ಚಿಕೊಂಡು ಗುರುತು ಹಾಕಿದೆನೋ, ಗುರುತು ಹಾಕಿ ಚುಚ್ಚಿಕೊಂಡೆ ಅಂದುಕೊಂಡೆನೋ. ಹೆಂಡತಿ ಶಾರದಾ ಸಿರಿಂಜುಗಳನ್ನು ಎಣಿಸಿ ಇಡತೊಡಗಿದಳು. “ಒಂದೂ ಹೆಚ್ಚು ಕಡಿಮಿ ಇಲ್ಲರೀ,” ಎನ್ನುತ್ತಿದ್ದಳು. ಆದರೂ ಮಧ್ಯಾಹ್ನದ ಹೊತ್ತು ಮತ್ತೆ ಬೀಳುತ್ತಿದ್ದೆ. ಒಮ್ಮೆ ಸ್ಟಾಫ್ ರೂಮಿನಲ್ಲಿ, ಒಮ್ಮೆ ಬಸ್ಸಿನಲ್ಲಿ. ಬೀಳದ ದಿನಗಳಲ್ಲೂ ಬೋರ್ಡಿನ ಮೇಲೆ ನಾನೇ ಬರೆದಿದ್ದ ಸಮೀಕರಣವನ್ನು ಬೇರೆ ಯಾರೋ ಬರೆದಿದ್ದಾರೆ ಎಂಬಂತೆ ನೋಡುತ್ತ ನಿಂತಿದ್ದುಂಟು.

ನೋಟ್‌ಬುಕ್ಕಿನ ಮೇಲೆ ಅವ್ವನಿಗೆ ನಂಬಿಕೆ ಇರಲಿಲ್ಲ. ಒಂದು ಬೆಳಿಗ್ಗೆ ನನ್ನ ಅಂಗಿಯ ಜೇಬಿನಲ್ಲಿ ಚೀಟಿಯೊಂದು ಸಿಕ್ಕಿತು. ನನ್ನ ಹೆಸರು, ಮನೆಯ ಫೋನ್ ನಂಬರು, ಅವ್ವನ ಅಕ್ಷರ. ಅಪ್ಪನ ಜೇಬಿಗೂ ಹೀಗೆಯೇ ಬರೆದಿಡುತ್ತಿದ್ದಳು. ಅವಳೇ ಹೇಳಿದಳು:

“ಅಮಾಸಿ ಹುಣ್ಣಿಮಿ ಹತ್ರ ಬಂದ್ರ ನಿನಗ ಹಿಂಗ ಆಕ್ಕೈತಿ. ನಾ ನೋಡಾಕತ್ತೀನಿ.”

“ಚಂದ್ರಗೂ ಶುಗರ್‌ಗೂ ಏನ್ ಸಂಬಂಧಬೇ?”

“ನಿನ್ನ ಬುಕ್ಕಿನ್ಯಾಗ ಬರದಿಟ್ಟೀಯಲ್ಲ, ನೋಡು. ಓದಿದಾಂವ ನೀನು.”

ಅವಳ ಮಾತು ಸುಳ್ಳು ಎಂದು ತೋರಿಸಲಿಕ್ಕೇ ನೋಟ್‌ಬುಕ್ ತೆರೆದು ಕ್ಯಾಲೆಂಡರಿನ ಕೆಳಗೆ ಕುಳಿತೆ. ಐದು ಸಲ ಬಿದ್ದಿದ್ದೆ. ಕುರುಗೋಡಿನಲ್ಲಿ ಕಣ್ಣು ತೆರೆದದ್ದು ಅಮಾವಾಸ್ಯೆಯ ಹಿಂದಿನ ದಿನ. ಸ್ಟಾಫ್ ರೂಮ್, ಹುಣ್ಣಿಮೆ. ಉಳಿದವೂ ಒಂದೆರಡು ದಿನ ಆಚೀಚೆ.

ಐದಕ್ಕೆ ಐದು.

ಕಾರಣ ಗೊತ್ತಿಲ್ಲದ್ದಕ್ಕೆ ಕಾರಣ ಇದ್ದೇ ಇರುತ್ತದೆ ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವನು ನಾನು. ಆ ಸಂಜೆ ಮಹಡಿ ಹತ್ತಿದೆ. ಗುಡ್ಡದ ಮೇಲೆ ತೆಳ್ಳಗೆ ಚಂದ್ರ ಬಂದಿದ್ದ. ಅವನನ್ನು ನೋಡಲಾಗದೆ ಕೆಳಗಿಳಿದು ಬಂದೆ. ಅಪ್ಪನಂತೆ ಆಗುತ್ತಿದ್ದೇನೆ ಎಂಬುದೊಂದೇ ನಂಬಲು ಉಳಿದಿತ್ತು. ಡಾಕ್ಟರು ನ್ಯೂರಾಲಜಿಸ್ಟ್ ಹತ್ತಿರ ಹೋಗಲು ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ, ಹೋಗುತ್ತಿರಲಿಲ್ಲ.

ಆರನೆಯ ಸಲ ಕ್ಲಾಸಿನಲ್ಲೇ ಕುಸಿದೆ. ಜೊತೆಯವರು ಸಿರುಗುಪ್ಪದ ಒಂದು ಆಸ್ಪತ್ರೆಗೆ ಕರೆದೊಯ್ದು ಗ್ಲೂಕೋಸ್ ಹಾಕಿಸಿದರು. ಅಲ್ಲಿದ್ದ ಹಿರಿಯ ಸಿಸ್ಟರ್ ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡರು. ಡೋಸ್ ಎಷ್ಟೆಂದು ಕೇಳಲಿಲ್ಲ. ಫ್ರಿಜ್ಜಿನಿಂದ ಅದೇ ಬಗೆಯ ಇನ್ಸುಲಿನ್ನಿನ ಬಾಟಲಿ ತಂದು ಕೈಗೆ ಕೊಟ್ಟರು, ಒಂದು ಸಿರಿಂಜನ್ನೂ.

“ಮನ್ಯಾಗ ಹೆಂಗ ತಗೋತೀರಿ, ಹಂಗ ಮಾಡಿ ತೋರಿಸ್ರಿ. ಚುಚ್ಚಿಕೊಳ್ಳಬ್ಯಾಡ್ರಿ ಮತ್ತ.”

ಮೆಲ್ಲಗೆ ಹಿಡಿದೆ. ಮೆಲ್ಲಗೆ ತಲೆಕೆಳಗು ಮಾಡಿದೆ.

“ನಿಂದರ್ರಿ ನಿಂದರ್ರಿ,” ಎಂದರು. ಬಾಟಲಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ತಳದಲ್ಲಿ ಬಿಳಿ ಪದರು, ಅದರ ಮೇಲೆಲ್ಲ ನೀರಿನಂಥ ತಿಳಿ. “ಇದನ್ನ ಕಲಸೋರು ಯಾರ್ರಿ?”

“ಅಲ್ಲಾಡಿಸಬಾರದು ಅಂತ...”

“ಅಲ್ಲಾಡಿಸಬಾರ್ದು, ಖರೆ. ಉರುಳಿಸಬೇಕು.” ಬಾಟಲಿಯನ್ನು ಎರಡು ಅಂಗೈಗಳ ನಡುವೆ ಅಡ್ಡ ಇಟ್ಟು, ಬತ್ತಿ ಹೊಸೆದಂತೆ ಉರುಳಿಸಿದರು. “ಹಿಂಗ. ಇಪ್ಪತ್ತು ಸಲ. ಪೂರಾ ಹಾಲಿನಂಗ ಆಗಬೇಕು. ನೀವು ಮೊದಲಿಗೆ ಬರೇ ತಿಳಿ ತಗೋತೀರಿ, ಗಟ್ಟಿ ಔಷಧ ಎಲ್ಲಾ ಕೊನೀಗೆ ಉಳೀತೈತಿ. ಬಾಟ್ಲಿ ಮುಗಿಯೋ ಹೊತ್ತಿಗೆ ಬೀಳ್ತೀರಿ. ಏನ್ ಕೆಲಸ ನಿಮ್ದು?”

“ಕೆಮಿಸ್ಟ್ರಿ ಪಾಠ ಮಾಡ್ತೀನಿ.”

ಅವರು ಬಾಟಲಿಯನ್ನು ಫ್ರಿಜ್ಜಿಗೆ ವಾಪಸು ಇಟ್ಟರು. “ಹಂಗಾರ ನಾ ಏನ್ ಹೇಳ್ಲಿ ಬಿಡ್ರಿ.”

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಬಾಟಲಿಗೆ ನಾನೂರು ಯೂನಿಟ್. ದಿನಕ್ಕೆ ಇಪ್ಪತ್ತೇಳು. ಹದಿನೈದು ದಿನಕ್ಕೆ ಚೂರು ಕಡಿಮೆ. ಅಮಾವಾಸ್ಯೆಯಿಂದ ಹುಣ್ಣಿಮೆಗೂ ಅಷ್ಟೇ ಅಂತರ. ನನ್ನ ಮೊದಲ ಬಾಟಲಿಯನ್ನು ಒಂದು ಅಮಾವಾಸ್ಯೆಯ ಆಸುಪಾಸಿನಲ್ಲಿ ತೆರೆದಿದ್ದೆ. ಅಂದಿನಿಂದ ಫ್ರಿಜ್ಜಿನ ಬಾಗಿಲಲ್ಲಿ ಅದು ಚಂದ್ರನ ಜೊತೆಜೊತೆಗೇ ಮುಗಿಯುತ್ತ ಬಂದಿತ್ತು. ಅವ್ವ ನೋಡಿದ್ದು ಸರಿಯಾಗಿಯೇ ಇತ್ತು.

ಡಾಕ್ಟರು ಡೋಸನ್ನು ಹೊಸದಾಗಿ ನೋಡಿ ಸರಿಪಡಿಸಿದರು. ಆದರೆ ನನ್ನ ಭಯ ಹೋಗಲಿಲ್ಲ, ಜಾಗ ಬದಲಿಸಿತು. ಬಳ್ಳಾರಿಯ ಸಿಸ್ಟರ್ ಉರುಳಿಸಲು ಹೇಳಿಯೇ ಇರಲಿಲ್ಲವೋ, ಹೇಳಿದ್ದನ್ನು ನಾನು ಮರೆತೆನೋ? ಆ ದಿನವನ್ನು ನೆನಪಿಸಿಕೊಳ್ಳಲು ಕುಳಿತರೆ ಅವರ ಅಂಗೈಗಳ ನಡುವೆ ಬಾಟಲಿ ಉರುಳುವುದು ಕಾಣುತ್ತಿತ್ತು. ಸಿರುಗುಪ್ಪದಲ್ಲಿ ನೋಡಿದ್ದನ್ನೇ ಬಳ್ಳಾರಿಗೆ ತಂದು ಅಂಟಿಸಿಕೊಂಡಿದ್ದೆನೋ ಏನೋ. ಒಂದು ವೇಳೆ ಅವರು ಹೇಳಿದ್ದೇ ಹೌದಾದರೆ, ಬಾಟಲಿ ಸರಿಹೋದರೂ ನಾನು ಸರಿಯಿಲ್ಲ.

ಒಂದು ಶನಿವಾರ ಆ ನರ್ಸಿಂಗ್ ಹೋಮಿಗೆ ಹೋದೆ. ಅದೇ ಸಿಸ್ಟರ್ ಇದ್ದರು. ತಪ್ಪು ಅವರದೇ ಆಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ.

“ಬಾಟಲಿ ಉರುಳಿಸಬೇಕು ಅಂತ ನನಗೆ ಹೇಳಿದ್ರಾ ಸಿಸ್ಟರ್?”

“ಉರುಳಿಸಾದು ಅಂದ್ರ?”

ಮಾಡಿ ತೋರಿಸಿದೆ. ಯಾಕೆಂದೂ ಹೇಳಿದೆ. ಆಕೆ ಫ್ರಿಜ್ಜಿನಿಂದ ಒಂದು ಬಾಟಲಿ ತೆಗೆದು ಬೆಳಕಿಗೆ ಹಿಡಿದು ತಳ ನೋಡಿದರು.

“ಇಲ್ರಿ ಸಾರ್. ಹೇಳಿಲ್ಲ. ಅಲ್ಲಾಡಿಸಬಾರ್ದು ಅಂತ ಅಷ್ಟ ಗೊತ್ತಿತ್ತು ನನಗ.” ಕುರ್ಚಿಯಲ್ಲಿ ಕುಳಿತರು. “ನಾಕು ವರ್ಷದಿಂದ ಎಲ್ಲಾರಿಗೂ ಅಷ್ಟ ಹೇಳೀನಿ.”

ಹಾಗಾದರೆ ಮರೆತವನು ನಾನಲ್ಲ. ಅದರ ಹಿಂದೆಯೇ, ಈ ಊರಿನಲ್ಲಿ ಇನ್ನೂ ಎಷ್ಟು ಜನ ತಮ್ಮದಲ್ಲದ ಬಸ್ ಹತ್ತುತ್ತಿದ್ದಾರೋ ಎಂಬ ಯೋಚನೆ ಬಂತು.

ಆಕೆ ತಾವು ಕಲಿಸಿದವರ ರಿಜಿಸ್ಟರ್ ಎಳೆದುಕೊಂಡು ಮೊದಲ ನಂಬರಿಗೆ ಫೋನ್ ಮಾಡಿದರು. “ಅಮ್ಮಾರ, ಬಾಟ್ಲಿ ಮುಗಿಯೋ ಟೈಮಿಗೆ ನಿಮ್ಮ ಯಜಮಾನ್ರಿಗೆ ಏನಾರ ಆಗ್ತೈತೇನ್ರಿ?” ಆ ಕಡೆಯಿಂದ ಹೆಂಗಸಿನ ದನಿ ನನಗೂ ಕೇಳಿಸಿತು: “ನಿಮಗ ಯಾರು ಹೇಳಿದ್ರು?”

ಅದಾದ ಮೇಲೆ ಮೂರು ಬಾಟಲಿ ಮುಗಿದಿವೆ. ಬಿದ್ದಿಲ್ಲ. ಕುರುಗೋಡಿನ ಆ ಮೊದಲ ಮಧ್ಯಾಹ್ನ ನನಗೆ ಇನ್ನೂ ಮರಳಿ ಸಿಕ್ಕಿಲ್ಲ. ಅಪ್ಪನ ಬಗ್ಗೆ ಏನು ಹೇಳಿದೆನೋ, ಅದು ಆ ಚಹಾದಾಕೆಯ ಹತ್ತಿರವೇ ಇದೆ. ನೆನಪಾಗುವುದು ಆ ಸಣ್ಣ ಸಿಸ್ಟರ್. “ಹೇಳಿದ್ದೆ ಸಾರ್, ನೀವೇ ಮರ್ತೀರಿ” ಎಂದು ಅಂದುಬಿಡಬಹುದಿತ್ತು. ನಾನು ನಂಬಿಬಿಡುತ್ತಿದ್ದೆ.