ಟೆಂಟಿನಲ್ಲಿ ಅಕ್ಕನನ್ನು ಕಾದದ್ದು

ಆಗೆಲ್ಲ ನಮ್ಮ ಶಿಕಾರಿಪುರದ ಕಡೆ ಸಿನಿಮಾ ಅಂದರೆ ಟೆಂಟು. ಕೂರಲಿಕ್ಕೆ ಮರಳು, ತಲೆ ಮೇಲೆ ತೂತುಬಿದ್ದ ಡೇರೆ, ಮೂಗಿಗೆ ಬೀಡಿ ಹೊಗೆ, ಹುರಿದ ಶೇಂಗಾ. ನಮ್ಮ ಓರಗೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿನವರು ಬಂದು ಅಂಜನಾಪುರದ ಡ್ಯಾಮಿನ ಏರಿ ಮೇಲೆ ಸಿನಿಮಾ ತೆಗೆದರು. ನೀರು ಹೊತ್ತು ಬರುವ ಹುಡುಗಿ ಬೇಕೆಂದು ನಮ್ಮ ಗಿರಿಜಕ್ಕನನ್ನು ಕೇಳಿದರು. ಅಜ್ಜಿ ಹಾರಾಡಿದಳು. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆಂದು ನಂಬಿದ ಮನೆ ನಮ್ಮದು. ಯಾರದೂ ಒಂದು ಫೋಟೋ ಇರಲಿಲ್ಲ. ಅವ್ವನೇ ಅಜ್ಜಿಯ ಬಾಯಿ ಮುಚ್ಚಿಸಿ, ಅಕ್ಕನ ತಲೆಗೆ ಎಣ್ಣೆ ಹಚ್ಚಿ, ಜಡೆ ಬಿಗಿಯಾಗಿ ಹೆಣೆದು, ತುದಿಗೆ ಟೇಪು ಕಟ್ಟಿ ಕಳಿಸಿದಳು. ಅಕ್ಕ ಕೊಡ ಹೊತ್ತು ಏರಿಯುದ್ದಕ್ಕೂ ನಡೆದಳು. ಕೊನೆಗೆ ತಿರುಗಿ ನಕ್ಕಳು.

ಆ ಮಳೆಗಾಲದಲ್ಲೇ ಅಕ್ಕ ಟೈಫಾಯಿಡ್ ಬಂದು ಸತ್ತಳು. "ಕ್ಯಾಮೆರಾನೇ ತಿಂದುಹಾಕ್ತು" ಅಂದರು ಓಣಿಯವರು. ಅವ್ವನ ಮುಖಕ್ಕೇ ಅಂದರು, ಪಾಪಿಗಳು!

ಮುಂದಿನ ವರ್ಷ ರೇಡಿಯೋದಲ್ಲಿ ಬಂತು, ಆ ಚಿತ್ರಕ್ಕೆ ದಿಲ್ಲಿಯಲ್ಲಿ ಪ್ರಶಸ್ತಿ. ದೇಶದ ಸಿನಿಮಾ ಬೆಳೆಯಬೇಕು, ಇಂಥವನ್ನು ಜನ ನೋಡಬೇಕು ಅಂತ ಸರ್ಕಾರ ಟಿಕೆಟಿನ ಮೇಲಿನ ತೆರಿಗೆಯನ್ನೂ ಬಿಟ್ಟಿತು. ಅಪ್ಪ ಟೆಂಟಿನ ಧಣಿಯ ಮನೆಗೆ ಅಲೆಯತೊಡಗಿದ.

"ಅವಾರ್ಡ್ ಪಿಕ್ಚರ್ ಯಾರು ನೋಡ್ತಾರ್ರೀ? ಜನ ನಿದ್ದೆ ಹೊಡಿತಾರೆ" ಅಂದ ಧಣಿ.

"ನನ್ನ ಮಗಳು ಅದಾಳ್ರೀ ಅದರಾಗೆ. ಅವಳ ಮುಖ ಬೇರೆ ಎಲ್ಲೂ ಇಲ್ರೀ."

ತೆರಿಗೆ ಇಲ್ಲವೆಂಬ ಆಸೆಗೋ ಅಪ್ಪನ ಕಾಟಕ್ಕೋ, ಅಂತೂ ಧಣಿ ತರಿಸಿದ. ಸೊರಬದಲ್ಲೂ ಅವನದೊಂದು ಟೆಂಟಿತ್ತು; ಮೊದಲು ಅಲ್ಲಿ ಹಾಕಿ ಆಮೇಲೆ ನಮ್ಮೂರಿಗೆ ಕಳಿಸಿದ.

ಆವತ್ತು ಅವ್ವ ತಲೆಗೆ ನೀರು ಹಾಕಿಕೊಂಡು ತನ್ನ ಮದುವೆ ಸೀರೆ ಉಟ್ಟಳು. ಮೊದಲ ಆಟಕ್ಕೇ ಹೋಗಿ ಎಲ್ಲರಿಗಿಂತ ಮುಂದೆ ಕೂತೆವು. ಪರದೆ ಮೇಲೆ ಅಂಜನಾಪುರದ ಏರಿ ಕಾಣಿಸಿತು. "ಈಗ ಬರ್ತಾಳೆ ನೋಡು" ಅಂತ ಅವ್ವ ನನ್ನ ರಟ್ಟೆ ಹಿಡಿದಳು. ಬಂದದ್ದು ಯಾವುದೋ ಬೇರೆ ಸಿನಿಮಾದ ಕ್ಲಬ್ ಡ್ಯಾನ್ಸು! ಟೆಂಟಿಗೆ ಟೆಂಟೇ ಸಿಳ್ಳೆ ಹೊಡೆಯಿತು. ಕುಣಿತ ಮುಗಿದ ಮೇಲೆ ನೋಡಿದರೆ ಏರಿಯೂ ಇಲ್ಲ, ಅಕ್ಕನೂ ಇಲ್ಲ. ಮುಂದೆಲ್ಲಾದರೂ ಬಂದಾಳೆಂದು ಅವ್ವ ಕೊನೆಯವರೆಗೂ ರೆಪ್ಪೆ ಬಡಿಯದೆ ಕೂತಳು.

ಅಪ್ಪ, ಸೊರಬದಿಂದ ರೀಲಿನ ಜೊತೆಗೇ ಬಂದಿದ್ದ ಆಪರೇಟರ್ ಬಾಷಾ ಸಾಬರ ಹತ್ತಿರ ಓಡಿದ.

"ಸೊರಬದಾಗೆ ಗಲಾಟೆ ಆತ್ರೀ ಗೌಡ್ರೇ. ಎಷ್ಟೊತ್ತು ನೀರು ಹೊರ್ತಾಳೆ ಅಂತ ಕೂಗಾಡಿದ್ರು. ಧಣೇರು ಕತ್ತರಿಸು ಅಂದ್ರು, ಕತ್ತರಿಸ್ದೆ. ನಿಮ್ಮ ಮಗಳು ಅಂತ ನಂಗೇನು ಗೊತ್ರೀ? ಅಯ್ಯೋ ಅಲ್ಲಾ..." ಬಾಷಾ ಸಾಬರು ತಲೆ ಮೇಲೆ ಕೈ ಹೊತ್ತು ಕೂತರು.

ಜನಕ್ಕೆ ಬೇಜಾರಾದ ಕಡೆ ರೀಲು ಕತ್ತರಿಸಿ, ಬೇರೆ ಪಿಕ್ಚರಿನ ಕುಣಿತ ಅಂಟಿಸುವುದು ಆ ಟೆಂಟುಗಳ ರೂಢಿ. ಕತ್ತರಿಸಿದ್ದು ಮಕ್ಕಳ ಪಾಲು. ಹಾಳಾದ ಬಲ್ಬಿಗೆ ನೀರು ತುಂಬಿಸಿ, ಕನ್ನಡಿಯಿಂದ ಬಿಸಿಲು ಬಿಟ್ಟು, ಫಿಲ್ಮಿನ ತುಂಡು ಹಿಡಿದು ಗೋಡೆ ಮೇಲೆ ಸಿನಿಮಾ ತೋರಿಸುವ ಆಟ ನಾವೂ ಆಡಿದ್ದೆವು. ಯಾರ ಮಕ್ಕಳ ಮುಖಗಳೋ ಅವು, ಆಡುವಾಗ ಯಾರಿಗೆ ಗೊತ್ತು?

ಮಾರನೆಯ ದಿನ ಅಪ್ಪ ಬಸ್ಸು ಹತ್ತಿ ಸೊರಬಕ್ಕೆ ಹೋದ. ಕೇರಿ ಕೇರಿ ಸುತ್ತಿ, ಆಡುವ ಮಕ್ಕಳನ್ನೆಲ್ಲ ಕೇಳಿ, ಸಂಜೆಗೆ ಬೆರಳುದ್ದದ ಒಂದು ತುಂಡು ತಂದ. ಅವ್ವ ಕಿಟಕಿಯ ಬೆಳಕಿಗೆ ಹಿಡಿದಳು. ಬೆನ್ನು ಮಾಡಿ ನಡೆಯುವ ಹುಡುಗಿ, ಕೊಡ, ಜಡೆ.

"ಮುಖ ಇರೋದು ಸಿಗ್ಲಿಲ್ಲೇನ್ರೀ?"

ಅಪ್ಪ ಇಲ್ಲವೆಂದು ತಲೆಯಾಡಿಸಿದ.

"ಜಡೆ ನಾನೇ ಹೆಣೆದಿದ್ದು" ಅಂದಳು ಅವ್ವ. ಸಾಯುವವರೆಗೂ ಆ ತುಂಡನ್ನು ಕುಂಕುಮದ ಭರಣಿಯ ಪಕ್ಕ ಇಟ್ಟುಕೊಂಡಿದ್ದಳು.

ಈಗ ಟೆಂಟೂ ಇಲ್ಲ, ಅವ್ವನೂ ಇಲ್ಲ. ಫಿಲ್ಮಿನ ತುಂಡು ಮಾಸಿ ಬರೀ ಮಸಿಯಾಗಿದೆ. ಪ್ರಶಸ್ತಿ ಬಂದ ಚಿತ್ರಗಳ ಮಾತು ಬಂದಾಗ ತಿಳಿದವರು ಇವತ್ತಿಗೂ ಅದರ ಹೆಸರು ಹೇಳುತ್ತಾರೆ, ಆದರೆ ಒಂದು ಪ್ರಿಂಟೂ ಉಳಿದಿಲ್ಲವಂತೆ. ಕೇಳಬೇಕಾದವರನ್ನೆಲ್ಲ ಕೇಳಿ ಸಾಕಾಗಿದೆ. ಅಕ್ಕನ ಮುಖ ನನಗೂ ಈಗ ಸರಿಯಾಗಿ ನೆನಪಾಗುವುದಿಲ್ಲ, ಅದೇ ಸಂಕಟ. ದಿಲ್ಲಿಯ ದೊಡ್ಡವರನ್ನು ಬಿಟ್ಟರೆ, ನನಗೆ ತಿಳಿದಂತೆ ಪರದೆ ಮೇಲೆ ಅವಳ ನಗು ಕಂಡವರು ಆವತ್ತು ಸೊರಬದಲ್ಲಿ ಕೂಗಾಡಿದವರು ಮಾತ್ರ.